ನಾಲ್ಕು ಕಣ್ಣಿಗೆ ಮೂರು

ಸದಾಶಿವಗಡದ ಪುಂಡಲೀಕ ಹರಿಕಂತ್ರನ ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳೊಂದೇ. ಹದಿನಾಲ್ಕು ವರ್ಷದ ಹಿಂದೆ ಬೋಟಿನ ಮೇಲೆ ಬಲೆ ಎಳೆಯುವಾಗ ವಿಂಚಿನ ಹಗ್ಗದಲ್ಲಿ ಕೈ ಸಿಕ್ಕಿ, ಮಿಕ್ಕ ನಾಲ್ಕು ಬೆರಳು ಸಮುದ್ರದ ಪಾಲಾದವು. ಜೀವ ಉಳಿಯಿತು. ಹಗ್ಗ ಹಿಡಿಯಲಾರದ ಖಲಾಸಿಯನ್ನು ಬೋಟು ನಡೆಸುವ ಯಾವ ತಾಂಡೇಲನೂ ಬೋಟಿಗೆ ಹತ್ತಿಸಿಕೊಳ್ಳುವುದಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಹೆಂಡತಿ ಕಾಶಿ ಮೀನಿನ ಬುಟ್ಟಿ ಹೊತ್ತು ಮನೆ ನಡೆಸಿದಳು. ಎರಡು ವರ್ಷ ಕಳೆದ ಮೇಲೆ ಕಾರವಾರ ಬಂದರಿನ ಹತ್ತಿರದ ಮೀನುಗಾರರ ಸಂಘದವರು ಕರೆದು, ಐಸ್ ಕೋಣೆಯ ಬಾಗಿಲು ಕಾಯುವ ಕೆಲಸ ಕೊಟ್ಟರು. ಕೆಲಸವೇನೋ ಸುಲಭದ್ದು. ಆದರೆ ಆ ತಂಪಿಗೆ ಗಾಯದ ಕೈ ಬೇಸಿಗೆಯಲ್ಲೂ ಸೆಳೆಯುತ್ತಿತ್ತು. ಇಲ್ಲದ ಬೆರಳುಗಳೂ ನೋಯುತ್ತವೆ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಂಬುವವರಾರು?

ಎಂಟು ವರ್ಷದ ಹಿಂದೆ ಸಂಘದ ಆಫೀಸಿಗೆ ಒಂದು ಕಂಪ್ಯೂಟರ್ ಬಂತು. ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುವ ಅರ್ಗಾದ ಮನಿಷಾ, ಅಲ್ಲಿ ಮೂಲೆ ಸೇರಿದ್ದ ಹಳೆಯ ಪೆಟ್ಟಿಗೆಯೊಂದನ್ನು ಕೇಳಿ ತಂದು, ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿ ಕೊಟ್ಟಿದ್ದಳು. ಅವಳು ಕೆಲಸ ಮಾಡುವಷ್ಟು ಹೊತ್ತೂ ಐಸ್ ಕೋಣೆಯ ಪುಂಡಲೀಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೂರನೇ ದಿನ ಧೈರ್ಯ ಮಾಡಿ ಕೇಳಿದ.

"ಒಂದೇ ಕೈಯಲ್ಲಿ ಇದು ಆಗೂದಾ, ಅಕ್ಕೋರೆ?"

ಲ್ಯಾಬಿನವಳಾದರೂ ಅವನ ಪಾಲಿಗೆ ಅವಳು ಕಲಿಸುವ ಅಕ್ಕೋರೇ. ಅವಳು ಅವನ ಕೈ ನೋಡಿದಳು, ಮುಖ ತಿರುಗಿಸಲಿಲ್ಲ.

"ಆಗೂದಿಲ್ಲ ಅಂದ್ರೆ ಇದನ್ನೇ ಬಗ್ಗಿಸುವಾ, ದಾದಾ. ನಿಮಗೆ ಎಲ್ಲಿ ತೊಂದ್ರೆ ಅಂತ ಹೇಳ್ತಾ ಹೋಗಿ."

ಅವನು ಹೇಳುತ್ತ ಹೋದ, ಅವಳು ಕೇಳುತ್ತ ಹೋದಳು. ಕನ್ನಡದಲ್ಲಿ 'ಖ', 'ಭ' ಬರೆಯಬೇಕಾದರೆ ಶಿಫ್ಟ್ ಕೀಲಿ ಒತ್ತಿ ಹಿಡಿದೇ ಅಕ್ಷರದ ಕೀಲಿ ಒತ್ತಬೇಕು. ಒಂದೇ ಕೈಗೆ ಅದು ಆಗದು. ಅವಳು ಒಂದು ಸೆಟ್ಟಿಂಗ್ ಮಾಡಿದಳು. ಶಿಫ್ಟ್ ಒತ್ತಿ ಬಿಟ್ಟರೆ 'ಟಿಣ್' ಎನ್ನುತ್ತದೆ, ಮುಂದಿನ ಅಕ್ಷರ ಬರುವವರೆಗೆ ತಾನೇ ಹಿಡಿದುಕೊಂಡಿರುತ್ತದೆ. ಎಂಟರ್ ಕೀಲಿ ಬಲತುದಿಯಲ್ಲಿದೆ. ಎಡಗೈ ದಿನಕ್ಕೆ ಸಾವಿರ ಸಲ ಅಲ್ಲಿಗೆ ಓಡಬಾರದೆಂದು ಎಡಬದಿಯ ಕ್ಯಾಪ್ಸ್ ಲಾಕನ್ನೇ ಎಂಟರ್ ಮಾಡಿದಳು. ಮೌಸನ್ನು ಬಲ ಅಂಗೈಯಿಂದ ದೂಡಬಹುದಿತ್ತು, ಒತ್ತಲು ಬರುತ್ತಿರಲಿಲ್ಲ. ಬಾಣ ಒಂದು ಗಳಿಗೆ ನಿಂತರೆ ಒತ್ತಿದಂತೆಯೇ ಎಂದು ಕಂಪ್ಯೂಟರಿಗೆ ಕಲಿಸಿದಳು. ಒಂದೇ ದಿನದಲ್ಲಿ ಆದದ್ದಲ್ಲ ಇದು. ಶನಿವಾರಕ್ಕೊಮ್ಮೆ ಬಂದು, ಗಳಿಗೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಕೇಳಿ ಕೇಳಿ ಆರು ತಿಂಗಳು ಸರಿಪಡಿಸಿದಳು.

ಆಮೇಲೆ ಸಂಘದ ನೋಟಿಸು, ಅರ್ಜಿ, ಬೋಟಿನ ಖಲಾಸಿಗಳ ಪಟ್ಟಿ ಎಲ್ಲ ಬರೆಯುವವನು ಪುಂಡಲೀಕನೇ ಆದ. ಕಿಟಕಿಯ ಪಕ್ಕದ ಕುರ್ಚಿ ಅವನದಾಯಿತು. ಐಸ್ ಕೋಣೆಗೆ ಬೇರೆಯವರು ಬಂದರು. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಕೀಬೋರ್ಡ್ ಮುಟ್ಟಿ ಎಡಗೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ಅವನ ರೂಢಿ. ಅದನ್ನು ನೋಡಿ ಯಾರೂ ನಗುತ್ತಿರಲಿಲ್ಲ.

ಈ ವರ್ಷದ ಜುಲೈ ಕೊನೆಯಲ್ಲಿ ತೊಂದರೆ ಬಂತು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್. ಆಗಸ್ಟ್ ಒಂದಕ್ಕೆ ಬೋಟುಗಳು ಮತ್ತೆ ನೀರಿಗಿಳಿಯಬೇಕು. ಅದಕ್ಕೆ ಮೊದಲು ಪ್ರತಿ ಬೋಟಿನ ಖಲಾಸಿಗಳ ಪಟ್ಟಿಯನ್ನು ಇಲಾಖೆಯ ಹೊಸ ವೆಬ್‌ಸೈಟಿಗೆ ಹಾಕಿ, ಅದು ಕೊಡುವ ಚೀಟಿಯನ್ನು ತಾಂಡೇಲನ ಕೈಗೆ ಕೊಡಬೇಕು. ಸಂಘದಲ್ಲಿ ನಲವತ್ತೊಂದು ಬೋಟು. ಪುಂಡಲೀಕನ ಕಂಪ್ಯೂಟರಿನಲ್ಲಿ ಆ ವೆಬ್‌ಸೈಟ್ ತೆರೆಯಲೇ ಇಲ್ಲ. ಹೊಸ ಬ್ರೌಸರ್ ಬೇಕು. ಅದು ಕೂರಬೇಕಾದರೆ ಲಿನಕ್ಸೂ ಪರದೆಯಲ್ಲಿ ಕಾಣುವ ಅದರ ಡೆಸ್ಕ್‌ಟಾಪೂ ಹೊಸದಾಗಬೇಕು.

ಸೆಕ್ರೆಟರಿ ಭಾಸ್ಕರ ಕೆಟ್ಟವನಲ್ಲ, ಅವಸರದವನು. ಶನಿವಾರ ಮೇಜಿನ ಪಕ್ಕ ಬಂದು ನಿಂತ.

"ಪುಂಡಲೀಕ, ಬುಧವಾರ ಬೆಳಿಗ್ಗೆವರೆಗೆ ನೋಡ್ತೆ. ಆಗ್ಲಿಲ್ಲಾಂದ್ರೆ ಪಟ್ಟಿ ಪೂರಾ ಪೇಟೆಯ ಝೆರಾಕ್ಸ್ ಅಂಗಡಿಗೆ ಕೊಡೂದೇ."

"ಈ ವರ್ಷಕ್ಕಲ್ಲ ಸಾಹೇಬ್ರೆ? ಆಮೇಲೆ?"

"ಆಮೇಲೂ ಅವ್ರೇ ಮಾಡ್ಲಿ ಅಂತಾರೆ ಕಮಿಟಿಯವ್ರು. ನಿಂಗೆ ಐಸ್ ಕೋಣೆ ಉಂಟಲ್ಲ, ಮಾರಾಯ. ನಿನ್ನ ಬಿಟ್ಟು ಹಾಕೂದಿಲ್ಲ ನಾವು."

ಭಾಸ್ಕರ ಸಮಾಧಾನಕ್ಕೆಂದೇ ಹೇಳಿದ್ದು. ಪುಂಡಲೀಕನ ಕೈ ಆಗಲೇ ಸೆಳೆಯತೊಡಗಿತು.

ಮನಿಷಾ ಗಂಡನ ಮನೆಯಾದ ರಾಮನಗುಳಿಯಲ್ಲಿದ್ದಳು, ಅತ್ತೆಗೆ ಜ್ವರ. ಫೋನಿನಲ್ಲಿ ಹೇಳಿದಳು: "ಮಂಗಳವಾರ ಬರ್ತೆ ದಾದಾ. ಅಲ್ಲೀವರೆಗೆ ಒಂದೇ ಕೆಲ್ಸ ಮಾಡಿ. ನಿಮ್ಮ ಸೆಟ್ಟಿಂಗಿನ ಫೋಲ್ಡರಿನ ನಕಲು ಪೆನ್‌ಡ್ರೈವಿಗೆ ಹಾಕಿಡಿ. ಹೆಸ್ರಿನ ಮೊದಲು ಒಂದು ಚುಕ್ಕೆ ಇರ್ತದೆ, ಅದ್ಕೇ ಸುಮ್ಮನೆ ಕಾಣೂದಿಲ್ಲ." ಕಾಣಿಸುವುದು ಹೇಗೆಂದೂ ಹೇಳಿಕೊಟ್ಟಳು. ಅವನು ಹಾಗೇ ಮಾಡಿ, ಪೆನ್‌ಡ್ರೈವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತಾನೇ ಕೇಳಿತು: ಹೊಸ ಆವೃತ್ತಿ ಸಿದ್ಧವಿದೆ, ಹಾಕಲೇ? ದಿನ ಉಳಿಸೋಣ, ಹೇಗೂ ನಕಲಿದೆ ಎಂದುಕೊಂಡು ಪುಂಡಲೀಕ 'ಹೂಂ' ಎಂದುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಹೊಸ ಡೆಸ್ಕ್‌ಟಾಪ್ ಬಂತು. ಚಂದವಾಗಿಯೇ ಇತ್ತು. ಮೌಸಿನ ಬಾಣ ನಿಂತರೆ ಒತ್ತಿದಂತಾಗುವುದು ಹಾಗೆಯೇ ಉಳಿದಿತ್ತು. ಅಬ್ಬ ಎಂದುಕೊಂಡು ಶಿಫ್ಟ್ ಒತ್ತಿದ. 'ಟಿಣ್' ಇಲ್ಲ. 'ಭಾಸ್ಕರ' ಎಂದು ಬರೆಯಹೋದರೆ 'ಬಾಸ್ಕರ' ಆಯಿತು. ಕ್ಯಾಪ್ಸ್ ಲಾಕ್ ಒತ್ತಿದರೆ ಸಾಲು ಕೆಳಗಿಳಿಯಲಿಲ್ಲ. ಕೀಬೋರ್ಡಿನ ಮೇಲೆ ಹಸಿರು ದೀಪವೊಂದು ಹೊತ್ತಿತು, ಅಷ್ಟೇ.

ಅವನು ಗಾಬರಿಯಾಗಲಿಲ್ಲ. ಗಾಬರಿಯಾಗಿದ್ದರೆ ಬಹುಶಃ ಸುಮ್ಮನೆ ಕೂರುತ್ತಿದ್ದ. ಅವನಿಗೆ ಬಂದದ್ದು ಧೈರ್ಯ, ಅದೂ ಅಜ್ಜನ ಕಾಲದ ಧೈರ್ಯ. ಅವರ ಮನೆಯವರು ಹಿಂದೆ ರಾಂಪಣಿಯವರು. ರಾಂಪಣಿ ಎಂದರೆ ದಂಡೆಯಿಂದ ಊರೇ ಸೇರಿ ಎಳೆಯುವ ದೊಡ್ಡ ಬಲೆ. ಮನೆ ಮನೆಯ ತುಂಡು ಸೇರಿಸಿ ಕಟ್ಟಿದ್ದು. ಹೊಸ ಬಲೆಯನ್ನು ಬರೀ ಹೊಸ ನೂಲಿನಿಂದಲೇ ಕಟ್ಟಿ ನೀರಿಗೆ ಬಿಡುವುದು ಆ ಮನೆಯ ಕ್ರಮದಲ್ಲಿರಲಿಲ್ಲ. ಹಳೆ ಬಲೆಯ ನಡುಭಾಗ ಬಿಚ್ಚಿ ತಂದು ಹೊಸದರ ನಡುವೆ ಸೇರಿಸಬೇಕು. ಮೀನು ಕಂಡ ಬಲೆ ಮೀನನ್ನು ಕರೆಯುತ್ತದೆ ಎನ್ನುತ್ತಿದ್ದ ಅಜ್ಜ. ಹೊಸ ಡೆಸ್ಕ್‌ಟಾಪಿಗೆ ಹಳೆಯದರ ನಡುಭಾಗ ಬೇಕು, ಅದು ತನ್ನ ಜೇಬಿನಲ್ಲಿದೆ. ಪುಂಡಲೀಕ ಪೆನ್‌ಡ್ರೈವ್ ಚುಚ್ಚಿ, ಹಳೆಯ ಫೋಲ್ಡರನ್ನು ಇದ್ದ ಹಾಗೆಯೇ ಹೊಸದರ ಮೇಲೆ ಸುರಿದ. ಎಲ್ಲವನ್ನೂ ಬದಲಿಸಲೇ ಎಂದು ಕೇಳಿದ್ದಕ್ಕೆ ಎಲ್ಲವನ್ನೂ ಎಂದ. ಆರಿಸಿ ಮತ್ತೆ ಹೊತ್ತಿಸಿದ.

ಪಾಸ್‌ವರ್ಡ್ ಕೊಟ್ಟ. ಪರದೆ ಕಪ್ಪಾಯಿತು, ಒಂದು ಕ್ಷಣ ಬಿಟ್ಟು ಮತ್ತೆ ಪಾಸ್‌ವರ್ಡ್ ಕೇಳಿತು. ಮತ್ತೆ ಕೊಟ್ಟ, ಮತ್ತೆ ಕೇಳಿತು. ಹತ್ತು ಸಲ ಹೀಗೆ ಬಾಗಿಲವರೆಗೆ ಹೋಗಿ ಬಂದ. ಒಳಗೆ ಬಿಡಲಿಲ್ಲ.

ಆ ಸಂಜೆ ಮನೆಯಲ್ಲಿ ಅವನು ಗಂಜಿಯ ಮುಂದೆ ಕೂತು ಉಣ್ಣದೆಯೇ ಕೈ ತೊಳೆದುಬಿಟ್ಟ.

"ಹೋಯ್, ಎಂತಾ ಆತು? ಬಂಗಡೆ ಒಣಗ್ಸಿದ್ದು ಸುಟ್ಟು ಇಟ್ಟಿದ್ದೆ, ಅದೂ ಬ್ಯಾಡ್ವಾ?" ಎಂದಳು ಕಾಶಿ.

"ನಾಳೆಯಿಂದ ಐಸ್ ಕೋಣೆಗೇ ಹೋಗೂದು ಅಂತ ಕಾಣ್ತದೆ."

"ಯಾರಂದ್ರು?"

"ಯಾರೂ ಅನ್ಲಿಲ್ಲ. ನಾನೇ ಹಾಳು ಮಾಡ್ದೆ."

ಕಾಶಿ ಗಂಜಿಯ ಬಟ್ಟಲನ್ನು ಮತ್ತೆ ಅವನ ಮುಂದೆ ಸರಿಸಿದಳು. "ಬೋಟಿನ ಎಂಜಿನ್ ಬಿಚ್ಚಿದವ್ನು ಮೇಸ್ತ್ರಿ ಬರೋಕೆ ಮೊದ್ಲೇ ಅಳ್ತಾನಾ? ಅಕ್ಕೋರು ನಾಳೆ ಬತ್ರಲ್ಲ. ಉಣ್ಣಿ" ಎಂದಳು. ಆಮೇಲೆ ಒಳಗೆ ಹೋಗಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ಅವನು ಅರ್ಧ ಬಟ್ಟಲಾದರೂ ಉಂಡ.

ಮಂಗಳವಾರ ಹನ್ನೊಂದಕ್ಕೆ ಮನಿಷಾ ಬಂದಳು. ರಾಮನಗುಳಿಯಿಂದ ಅಂಕೋಲೆ, ಅಂಕೋಲೆಯಿಂದ ಕಾರವಾರ ಎಂದು ಎರಡು ಬಸ್ಸು ಬದಲಿಸಿ, ಕೊಡೆಯಿಂದ ನೀರು ಸೋರಿಸುತ್ತ ನೇರ ಆಫೀಸಿಗೇ ಬಂದಿದ್ದಳು. ರಾತ್ರಿಯೇ ಫೋನ್ ಮಾಡಿ ಕೆಟ್ಟಿತೆಂದು ಹೇಳಿದ್ದ ಪುಂಡಲೀಕ ಎದ್ದು ನಿಂತ.

"ಅಕ್ಕೋರೆ, ಬೈಯೂದಿದ್ರೆ ಮೊದ್ಲು ಬೈದುಬಿಡಿ."

"ಬೈಯೂಕೆ ಆಮೇಲೆ ಪುರುಸೊತ್ತು ಮಾಡ್ಕೊಳ್ತೆ. ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದ್ರಿ, ಒಂದೊಂದಾಗಿ ಹೇಳಿ. ಬಿಡಬೇಡಿ."

ಅವನು ಹೇಳಿದ, ಅಜ್ಜನ ಬಲೆಯನ್ನೂ ಬಿಡದೆ ಹೇಳಿದ. ಅವಳು ನಡುವೆ ಬಾಯಿ ಹಾಕಲಿಲ್ಲ. ನಮ್ಮ ತಪ್ಪನ್ನು ಪೂರ್ತಿ ಕೇಳಿಸಿಕೊಳ್ಳುವವರು ಎದುರಿಗಿದ್ದರೆ ಅದರ ಭಾರ ಅರ್ಧ ಅಲ್ಲೇ ಇಳಿಯುತ್ತದೆ. ಹೇಳಿ ಮುಗಿಸುವಾಗ ಪುಂಡಲೀಕನಿಗೆ ಉಸಿರು ನೆಟ್ಟಗೆ ಬಂತು.

"ಏನೂ ಹೋಗ್ಲಿಲ್ಲ, ದಾದಾ" ಎಂದಳು ಮನಿಷಾ. "ನಿಮ್ಮ ನಕಲು ಪೆನ್‌ಡ್ರೈವಲ್ಲಿ ಉಂಟು. ಹೊಸದು ಹಳೇ ಸೆಟ್ಟಿಂಗ್ ಓದೂಕೆ ಹೋಗಿ ಮುಗ್ಗರಿಸಿ ಬೀಳ್ತಾ ಇದೆ, ಅಷ್ಟೇ."

ಅವಳು ಮೂರು ಕೀಲಿ ಒಟ್ಟಿಗೆ ಒತ್ತಿ, ಚಿತ್ರವೇ ಇಲ್ಲದ ಬರೀ ಅಕ್ಷರದ ಪರದೆ ತಂದಳು. ಅಲ್ಲಿಂದಲೇ ಆ ಫೋಲ್ಡರಿನ ಹೆಸರು ಬದಲಿಸಿದಳು. ಅಳಿಸಲಿಲ್ಲ, ಪಕ್ಕಕ್ಕಿಟ್ಟಳು. ಈ ಸಲ ಪಾಸ್‌ವರ್ಡ್ ಕೊಟ್ಟಾಗ ಬಾಗಿಲು ತೆರೆಯಿತು. ಒಳಗೆ ಎಲ್ಲ ಹೊಸ ಮನೆಯ ಹಾಗೆ ಬರಿದಾಗಿತ್ತು. ಮೌಸಿನ ಆ ಒಂದು ಉಪಕಾರವೂ ಈಗ ಇರಲಿಲ್ಲ.

"ಈಗ ಎಲ್ಲ ಹೊಸದಾಗಿ ಒತ್ತಿ ಒತ್ತಿ ಮಾಡೂದಾ? ಆಗ ಆರು ತಿಂಗಳು ಹಿಡೀತು, ಅಕ್ಕೋರೆ. ನಾಳೆ ಬೆಳಿಗ್ಗೆ ಭಾಸ್ಕರ ಸಾಹೇಬ್ರು..."

"ಆಗ ನಿಮ್ಮ ಕೈಗೆ ಏನು ಬೇಕು ಅಂತ ನಮಗೆ ಗೊತ್ತಿರ್ಲಿಲ್ಲ. ಈಗ ಅದು ಹಳೇ ಫೋಲ್ಡರಲ್ಲಿ ಬರ್ದಿಟ್ಟದೆ. ಅದನ್ನ ಹೊಸದರ ಭಾಷೆಯಲ್ಲಿ ಹೇಳ್ಬೇಕು, ಅಷ್ಟೇ."

ಅವಳು ಕಂಪ್ಯೂಟರಿನಲ್ಲಿ ಇನ್ನೊಬ್ಬ ಬಳಕೆದಾರನನ್ನು ಹುಟ್ಟಿಸಿದಳು, 'ಪರೀಕ್ಷೆ' ಎಂದು ಹೆಸರಿಟ್ಟಳು. ಕೆಟ್ಟರೂ ನಷ್ಟವಿಲ್ಲದವನು. 'ಪರೀಕ್ಷೆ'ಯ ಡೆಸ್ಕ್‌ಟಾಪಿನಲ್ಲಿ ಶಿಫ್ಟ್ ಹಿಡಿದಿಡುವ ಸೆಟ್ಟಿಂಗನ್ನು ಹುಡುಕಿ ಹಾಕಲು ಪುಂಡಲೀಕನಿಗೆ ಹೇಳಿದಳು. ಅವನು ಹಾಕಿದ ಕೂಡಲೇ, ಹೊಸದು ಅದನ್ನು ಎಲ್ಲಿ, ಯಾವ ಹೆಸರಿನಲ್ಲಿ ಬರೆದುಕೊಂಡಿತೆಂದು ತೆರೆದು ನೋಡಿದಳು. ಪಕ್ಕದಲ್ಲಿ ಹಳೆಯ ಫೋಲ್ಡರಿನ ಸಾಲು ಇಟ್ಟಳು. ಕೆಲಸ ಅದೇ, ಹೆಸರು ಬೇರೆ, ಜಾಗ ಬೇರೆ. ಹಳೆಯದು ಗಳಿಗೆಯನ್ನು ಸೆಕೆಂಡಿನ ಸಾವಿರದೊಂದು ಪಾಲಿನ ಲೆಕ್ಕದಲ್ಲಿ ಬರೆಯುತ್ತಿತ್ತು, ಹೊಸದು ಸೆಕೆಂಡಿನ ಲೆಕ್ಕದಲ್ಲಿ. ಹಳೆಯ ಒಂಬೈನೂರನ್ನು ಹಾಗೇ ಓದಿದರೆ ಬಾಣ ನಿಂತು ಹದಿನೈದು ನಿಮಿಷ ಕಾಯಬೇಕಿತ್ತು.

ಪುಂಡಲೀಕ ಎರಡೂ ಸಾಲು ನೋಡುತ್ತ ಕೂತವನು ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡ.

"ಥೋ! ಅರ್ಧ ನೆನಪಿಟ್ಟೆ, ಅರ್ಧ ಮರ್ತೆ."

"ಏನು ದಾದಾ?"

"ಹಳೇ ಬಲೆ ಕಣ್ಣು, ಅಂದ್ರೆ ತೂತು, ಒಂದೂವರೆ ಬೆರಳು ಅಗಲ, ಹೊಸದರ ಕಣ್ಣು ಎರಡು ಬೆರಳು ಅಂತ ಇಟ್ಕಳಿ. ಕಣ್ಣಿಗೆ ಕಣ್ಣು ಕೂಡ್ಸಿ ಹೊಲಿದ್ರೆ ಎಳೀವಾಗ ಮುದುಡಿ ಹರೀತದೆ. ಅದ್ಕೆ ಹಳೇ ನಾಲ್ಕು ಕಣ್ಣಿಗೆ ಹೊಸ ಮೂರು ಕೂಡ್ಸೂದು. ಅಜ್ಜ ಎಣಿಸಿ ಎಣಿಸಿಯೇ ಕೂಡ್ಸ್ತಿದ್ದ. ನಾನು ಎಣಿಸ್ದೇ ಇಡೀ ಬಲೆ ತಂದು ಮೇಲೆ ಒಗ್ದೆ."

ಮನಿಷಾ ಮೊದಲ ಬಾರಿ ನಕ್ಕಳು. "ನಮ್ಮ ಲ್ಯಾಬಲ್ಲಿ ಇದನ್ನ ಹೇಳೂಕೆ ನಂಗೆ ಒಂದು ಗಂಟೆ ಬೇಕು. ಹಾಗಾದ್ರೆ ಎಣಿಸುವವರು ನೀವೇ."

ಒಂದು ನೋಟುಪುಸ್ತಕ ತಂದರು. ಎಡಬದಿಗೆ ಹಳೆಯ ಹೆಸರು, ಬಲಬದಿಗೆ ಹೊಸದು. ಅವನು ಓದುವುದು, ಅವಳು ಹುಡುಕುವುದು. ಆಮೇಲೆ ಅವಳು ಓದುವುದು, ಅವನು ಎಡಗೈಯಲ್ಲಿ ಬರೆಯುವುದು. ಫೋಲ್ಡರಿನಲ್ಲಿ ನೂರಾರು ಸಾಲುಗಳಿದ್ದವು. ಅವನ ಕೈಗೆ ಬೇಕಾದದ್ದು ಹತ್ತೊಂಬತ್ತೇ. ಉಳಿದದ್ದು ಯಾವಾಗಲೋ ಹಾಕಿ ಮರೆತ ಚಿತ್ರ, ಯಾವಾಗಲೋ ಬದಲಿಸಿದ ಬಣ್ಣ. ಅವನ್ನು ಹೊಸದರ ಇಷ್ಟಕ್ಕೇ ಬಿಟ್ಟರು. ಒಂದೊಂದು ಸಾಲನ್ನೂ ಮೊದಲು 'ಪರೀಕ್ಷೆ'ಯ ಮೇಲೆ ಹಾಕಿ, ಹೊರಗೆ ಹೋಗಿ ಒಳಗೆ ಬಂದು, ನಿಂತಿತೆಂದು ಕಂಡ ಮೇಲೆಯೇ ಪುಂಡಲೀಕನ ಹೆಸರಿಗೆ ತಂದರು.

ಹದಿನೆಂಟು ಸರಿಹೋದವು. ಕ್ಯಾಪ್ಸ್ ಲಾಕ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಎಂಟು ವರ್ಷದ ಹಿಂದೆ ಮನಿಷಾ ಅದನ್ನು ಪುಟ್ಟ ಕಡತವೊಂದರಲ್ಲಿ ಬರೆದಿಟ್ಟಿದ್ದಳು. ಹೊಸ ಡೆಸ್ಕ್‌ಟಾಪಿಗೆ ಅಂಥ ಕಡತ ಓದುವ ಪದ್ಧತಿಯೇ ಇಲ್ಲ. ಅದನ್ನೀಗ ಕೀಬೋರ್ಡಿನ ನಕ್ಷೆಯೊಳಗೇ ಬರೆಯಬೇಕಿತ್ತು. ಬರೆದಳು, ಆಗಲಿಲ್ಲ. ತಿದ್ದಿದಳು, ಕ್ಯಾಪ್ಸ್ ಲಾಕ್ ಒತ್ತಿದರೆ ಎಂಟರೂ ಆಯಿತು, ದೀಪವೂ ಹೊತ್ತಿ, ಆಮೇಲೆ ಬರೆದದ್ದೆಲ್ಲ ಮಹಾಪ್ರಾಣವಾಗಿ ಬಂತು. ಗಂಟೆ ನಾಲ್ಕಾಗಿತ್ತು. ಭಾಸ್ಕರ ಬಂದು ಇಣುಕಿದ, ಪರದೆಯ ತುಂಬ 'ಭಭಭಭ' ನೋಡಿದ, ಹೋಗಿ ಚಹಾ ಕಳಿಸಿದ.

"ಇದೊಂದು ಬಿಟ್ಬಿಡುವಾ ಅಕ್ಕೋರೆ. ಕೈ ಓಡಿಸ್ತೆ" ಎಂದ ಪುಂಡಲೀಕ.

"ಸಾವಿರ ಸಲ?"

"ಓಡಿಸ್ತೆ."

"ನಾಲ್ಕು ದಿನ ಓಡಿಸ್ತ್ರಿ. ಐದನೇ ದಿನ ಎಡಗೈಯೂ ನೋಯ್ತದೆ. ಚಹಾ ಕುಡೀರಿ, ಬಿಸಿ ಆರ್ತದೆ."

ಚಹಾ ಕುಡಿದು ಅವಳು ನಕ್ಷೆಯನ್ನು ಮೊದಲಿನಿಂದ ಗಟ್ಟಿಯಾಗಿ ಓದಿದಳು. ಆ ಕೀಲಿಯ ಹಳೆಯ ಕೆಲಸ ಇನ್ನೊಂದು ಸಾಲಿನಲ್ಲಿ ಉಳಿದುಬಿಟ್ಟಿತ್ತು. ಅದನ್ನು ತೆಗೆದು ಹೊರಗೆ ಹೋಗಿ ಒಳಗೆ ಬಂದರು.

"ಒತ್ತಿ, ದಾದಾ."

ಅವನು ಒತ್ತಿದ. ದೀಪ ಹೊತ್ತಲಿಲ್ಲ. ಸಾಲು ಸದ್ದಿಲ್ಲದೆ ಕೆಳಗಿಳಿಯಿತು. ಶಿಫ್ಟ್ ಒತ್ತಿ ಬಿಟ್ಟ: 'ಟಿಣ್'. 'ಭಾಸ್ಕರ' ಎಂದು ಬರೆದ, ಪರದೆಯ ಮೇಲೆ ಭಾಸ್ಕರನೇ ಬಂದ. ಪುಂಡಲೀಕ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಬಲಗೈಯ ಸೆಳೆತ ಯಾವಾಗ ನಿಂತಿತ್ತೋ, ಅವನಿಗೆ ತಿಳಿಯಲಿಲ್ಲ.

"ಇನ್ನು ಬೈಯೂದು ಉಳೀತಲ್ಲ, ಅಕ್ಕೋರೆ" ಎಂದ ಕಣ್ಣು ತೆರೆಯದೆಯೇ.

"ಬಸ್ಸಿಗೆ ಹೊತ್ತಾಯ್ತು. ಮುಂದಿನ ಸಲ ಹಾಳು ಮಾಡ್ದಾಗ ಸೇರ್ಸಿ ಬೈತೆ" ಎಂದು ಅವಳು ಕೊಡೆ ಎತ್ತಿಕೊಂಡಳು.

ಬುಧವಾರ ಬೆಳಿಗ್ಗೆ ಭಾಸ್ಕರ ಬಂದಾಗ ಹೊಸ ವೆಬ್‌ಸೈಟ್ ತೆರೆದಿತ್ತು, ಆರು ಬೋಟಿನ ಚೀಟಿ ಮೇಜಿನ ಮೇಲಿತ್ತು. ಅವನು ಒಂದೊಂದನ್ನೂ ತಿರುವಿ ನೋಡಿದ. "ಝೆರಾಕ್ಸ್ ಅಂಗಡಿಯವಂಗೆ ಫೋನ್ ಮಾಡಿ ಬ್ಯಾಡಾ ಅಂದ್ಬಿಡ್ತೆ" ಎಂದು ಹೊರಗೆ ಹೋದ. ಅದಕ್ಕಿಂತ ಹೆಚ್ಚಿನ ಮಾತು ಪುಂಡಲೀಕನಿಗೆ ಬೇಕಿರಲಿಲ್ಲ. ಬುಧವಾರ, ಗುರುವಾರ ಎರಡು ದಿನ ಅವನ ಎಡಗೈ ಹಾರುತ್ತಲೇ ಇತ್ತು. ಮಳೆಗಾಲವಿಡೀ ಮನೆಯಲ್ಲಿದ್ದ ಖಲಾಸಿಗಳು ಬಾಗಿಲಲ್ಲಿ ನಿಂತು ಹೆಸರು ಹೇಳಿ ಹೋದರು. ಗುರುವಾರ ಸಂಜೆಗೆ ನಲವತ್ತೊಂದೂ ಮುಗಿಯಿತು. ಮನೆಗೆ ಹೋಗಿ ಎರಡು ಬಟ್ಟಲು ಗಂಜಿ ಕೇಳಿದ. ಕಾಶಿ ಬಡಿಸುತ್ತ, "ಸೋಮವಾರದ್ದೂ ಸೇರ್ಸಿ ಉಣ್ತ್ರಾ?" ಎಂದು ಕೆಣಕಿದಳು.

ಶುಕ್ರವಾರ, ಆಗಸ್ಟ್ ಒಂದು. ಬೆಳಕು ಹರಿಯುವಾಗಲೇ ಬಂದರಿನಲ್ಲಿ ತೆಂಗಿನಕಾಯಿ ಒಡೆಯುವ ಸದ್ದು, ಊದುಬತ್ತಿಯ ವಾಸನೆ, ಎಂಜಿನ್ನುಗಳ ಗುಡುಗುಡು. ಪುಂಡಲೀಕ ದಂಡೆಯಲ್ಲಿ ನಿಂತು ನೋಡೋಣವೆಂದೇ ಬೇಗ ಬಂದಿದ್ದ. ನೋಡುವುದಾಗಲಿಲ್ಲ. ತಾಂಡೇಲ ರೂಪೇಶ ಓಡುತ್ತ ಬಂದ.

"ಪುಂಡಲೀಕಣ್ಣ, ಬೇಗ ಬಾ ಮಾರಾಯ! ನಮ್ಮ ಒಬ್ಬಂಗೆ ರಾತ್ರಿಯಿಂದ ವಾಂತಿ. ಅವ್ನ ಬದ್ಲಿಗೆ ಅಂಕೋಲೆ ಕಿಶನನ್ನ ಕರ್ಸಿದ್ದೆ. ಚೀಟಿಯಲ್ಲಿ ಹೆಸ್ರಿಲ್ದೆ ಇಲಾಖೆಯವ್ರು ಬಿಡೂದಿಲ್ಲಂತೆ."

"ಎಷ್ಟು ಹೊತ್ತು ಉಂಟು?"

"ಹೊತ್ತೇ ಇಲ್ಲ. ಬೋಟು ಹಗ್ಗ ಬಿಚ್ಚಿ ನಿಂತದೆ."

ಭಾಸ್ಕರ ಆಗಲೇ ಆಫೀಸಿನ ಬೀಗ ತೆಗೆದು ದಾರಿ ಬಿಟ್ಟು ನಿಂತಿದ್ದ. ಪುಂಡಲೀಕ ಕುರ್ಚಿಯಲ್ಲಿ ಕೂತ. ಅಂಗೈಯಿಂದ ಮೌಸು ದೂಡಿ, ಬೋಟಿನ ಹೆಸರಿನ ಮೇಲೆ ಬಾಣ ನಿಲ್ಲಿಸಿದ, ಪಟ್ಟಿ ತೆರೆಯಿತು. ಒಂದು ಹೆಸರು ತೆಗೆದು ಇನ್ನೊಂದು ಬರೆದ. ಆಧಾರ್ ನಂಬರನ್ನು ಕಿಶನ ಬಾಗಿಲಿನಿಂದಲೇ ಕೂಗಿ ಹೇಳಿದ. ಪ್ರಿಂಟರಿನಿಂದ ಹೊರಬಂದ ಚೀಟಿಯನ್ನು ರೂಪೇಶ ಬಿಸಿಯಾಗಿರುವಾಗಲೇ ಎಳೆದುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಓಡಿದ. ಅವನ ಹಿಂದೆ ಬೇರೆ ಬೋಟುಗಳ ಇನ್ನಿಬ್ಬರು ತಾಂಡೇಲರು ಚೀಟಿ ಹಿಡಿದು ನಿಂತಿದ್ದರು. ಅವರಿಗೂ ಕಡೇ ಗಳಿಗೆಯಲ್ಲಿ ಒಂದೊಂದು ಹೆಸರು ಬದಲಾಗಿತ್ತು.

"ಬರ್ರಿ ಒಳಗೆ" ಎಂದ ಪುಂಡಲೀಕ. "ಯಾವ ಬೋಟು?"